ಹಾಲಾಂಗ್ ಕೊಲ್ಲಿಯಲ್ಲಿ ಹೊಗೆಸೊಪ್ಪಿನಾಟ

ಹೊರಟ ದಿನ

ನಾನು ವಿಯೆಟ್ನಾಂ ದೇಶ ನೋಡಿದ್ದು ಗೊಬ್ಬರದ ಪುಣ್ಯದಿಂದ. ಪಿರಿಯಾಪಟ್ಟಣದಲ್ಲಿ ನಮ್ಮ ಯಜಮಾನರದು ಗೊಬ್ಬರ, ಬೀಜ, ಔಷಧಿಯ ಅಂಗಡಿ. ಹೇಳಿದಷ್ಟು ಮಾಲು ಖಾಲಿ ಮಾಡಿದ ಅಂಗಡಿಯವರನ್ನು ಕಂಪನಿಯವರು ಆಗಾಗ ಹೊರದೇಶಕ್ಕೆ ಕರೆದುಕೊಂಡು ಹೋಗುವುದುಂಟು. ಇಷ್ಟು ವರ್ಷ ಗಂಡಸರೇ ಹೋಗಿ ಬರುತ್ತಿದ್ದರು. ಅಲ್ಲಿ ಏನೇನು ನೋಡಿದಿರಿ ಎಂದು ನಾವು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಈ ಸಲ ಅದ್ಯಾರಿಗೆ ಬುದ್ಧಿ ಬಂತೋ, ಮನೆಯವರೂ ಬರಬಹುದು ಎಂದರು.

ಆದರೆ ಬೇಸಿಗೆ ಎಂದರೆ ನಮ್ಮ ಕಡೆ ಹೊಗೆಸೊಪ್ಪಿನ ಸಸಿ ಮಡಿಯ ಕಾಲ. ಅಂಗಡಿಯ ಮುಂದೆ ರೈತರ ಸಾಲು ಕರಗುವುದೇ ಇಲ್ಲ. "ನಾನು ಬಂದ್ರೆ ಅಂಗಡಿ ನೋಡೋರ್ಯಾರು? ನೀನು ಮಾನ್ಯನ್ನ ಕರ್ಕಂಡು ಓಗ್ ಬಾ" ಎಂದರು ಯಜಮಾನರು. ಮಾನ್ಯ ನನ್ನ ಮಗನ ಮಗಳು. ಮೂರನೇ ಕ್ಲಾಸು ಮುಗಿಸಿದ್ದಳು, ಬಾಯಿಗೆ ಬೀಗವಿಲ್ಲ. ನಮ್ಮತ್ತೆ ಮಾತ್ರ, ಈ ವಯಸ್ಸಿನಲ್ಲಿ ಇವಳಿಗೆ ಇದೇನು ತಿರುಗಾಟ ಎಂದು ಗೊಣಗುತ್ತಲೇ ಹುರಿಹಿಟ್ಟು, ಚಟ್ನಿಪುಡಿ, ಒಂದು ಗಟ್ಟಿ ವಿಭೂತಿ ಎಲ್ಲವನ್ನೂ ನನ್ನ ಚೀಲಕ್ಕೆ ತುರುಕಿದರು.

ಆ ವಿಭೂತಿಯೇ ವಿಮಾನ ನಿಲ್ದಾಣದಲ್ಲಿ ನನ್ನನ್ನು ಹಿಡಿದುಹಾಕಿತು. ತಪಾಸಣೆಯವನು ಬೆಳ್ಳಗಿನ ಗಟ್ಟಿಯನ್ನು ಎತ್ತಿ ಹಿಡಿದು ಹಿಂದಿಯಲ್ಲಿ ಏನೋ ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ. ಅವನು ಮತ್ತೆ ಹಿಂದಿಯಲ್ಲಿ ಕೇಳಿದ. ಕೊನೆಗೆ ನಾನೇ ಆ ಗಟ್ಟಿಗೆ ಬೆರಳು ತಿಕ್ಕಿ, ಅವನ ಕಣ್ಣೆದುರೇ ಹಣೆಗೆ ಮೂರು ಗೆರೆ ಎಳೆದು ತೋರಿಸಿದೆ. ಹಿಂದೆ ನಿಂತಿದ್ದವರೆಲ್ಲ ನಕ್ಕರು. ಹಾಗೆ ನಕ್ಕವರಲ್ಲಿ ನಮ್ಮ ಗುಂಪಿನವರೇ ಆದ ಒಬ್ಬರು ಯುವಕರಿದ್ದರು. "ಬುಡಿ ಅಮ್ಮ, ನಾನು ಯೋಳ್ತೀನಿ" ಎಂದು ಮುಂದೆ ಬಂದು, ಅವನಿಗೆ ಅವನ ಭಾಷೆಯಲ್ಲೇ ತಿಳಿಸಿ ನನ್ನನ್ನು ಬಿಡಿಸಿದರು. ಅವರ ಹೆಸರು ಸಿದ್ದರಾಜು. ಎಚ್.ಡಿ. ಕೋಟೆ ತಾಲೂಕಿನ ಹಂಪಾಪುರದಲ್ಲಿ ಗೊಬ್ಬರದ ಅಂಗಡಿ. ಹೆಂಡತಿಗೆ ಬಾಣಂತನವೆಂದು ಮಗಳನ್ನು ಕರೆತಂದಿದ್ದರು. ಗಾನವಿ ಎಂದು ಅವಳ ಹೆಸರು, ಮಾನ್ಯಳದೇ ವಯಸ್ಸು. ವಿಮಾನ ಹತ್ತುವಷ್ಟರಲ್ಲಿ ಎರಡೂ ಮಕ್ಕಳು ಚಪ್ಪಲಿ ಅದಲುಬದಲು ಮಾಡಿಕೊಂಡಿದ್ದವು.

ನಿಲ್ದಾಣದಲ್ಲೇ ಕಾಫಿ ಕುಡಿದೆವು. ಪೇಪರ್ ಲೋಟದಲ್ಲಿ ಕೊಟ್ಟರು. ಮಾನ್ಯ ಅದನ್ನು ತಿರುಗಿಸಿ ನೋಡಿ, "ಅಜ್ಜೀ, ಇದು ಆಳುಗಳ ಲೋಟ ಅಲ್ವಾ? ನಮಗ್ಯಾಕೆ ಕೊಟ್ರು?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

ನಾನು ನಕ್ಕು ಕಾಫಿ ಕುಡಿದೆ. ನಮ್ಮ ಮನೆಯ ಪದ್ಧತಿ ಗೊತ್ತಿಲ್ಲದವರಿಗೆ ಅದು ತಮಾಷೆಯ ಮಾತು. ನಮ್ಮದು ಹೊಗೆಸೊಪ್ಪಿನ ಬೇಸಾಯವೂ ಇರುವ ಮನೆ. ಸೊಪ್ಪು ಮುರಿಯುವಾಗ, ಕಡ್ಡಿಗೆ ಕಟ್ಟುವಾಗ, ಬೇಯಿಸಿ ಒಣಗಿಸುವ ಬ್ಯಾರನ್ನಿಗೆ ಏರಿಸುವಾಗ ಊರಾಚೆಯ ಕಾಲೋನಿಯಿಂದಲೂ ಕಾಡಂಚಿನ ಹಾಡಿಯಿಂದಲೂ ಆಳುಗಳು ಬರುತ್ತಾರೆ. ಹಿಂದೆ ಅವರಿಗೆಂದು ಕೊಟ್ಟಿಗೆಯ ಸೂರಿನಲ್ಲಿ ಬೇರೆ ಲೋಟ ಸಿಕ್ಕಿಸಿರುತ್ತಿತ್ತು. ಕಾಲ ಬದಲಾಗಿದೆ, ಅದೆಲ್ಲ ಈಗಿಲ್ಲ. ಈಗ ಸಂತೆಯಿಂದ ಪೇಪರ್ ಲೋಟದ ಕಟ್ಟು ತರುತ್ತೇವೆ. ನಮಗೆ ಸ್ಟೀಲು, ಅವರಿಗೆ ಪೇಪರು. ಯಾರಾದರೂ ಕೇಳಿದರೆ, ತೊಳೆಯುವ ಕೆಲಸ ಉಳಿಯಿತಲ್ಲ ಎನ್ನುತ್ತೇವೆ. ಜಾತಿ ಬಿಟ್ಟೆವು ಎಂದು ನಾವು ಹೇಳಿಕೊಳ್ಳುವುದು ಹೀಗೆ.

ಸಿದ್ದರಾಜು ಕಾಫಿ ಊದುತ್ತಾ ಬೇರೆ ಕಡೆ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಹನೋಯ್

ಹನೋಯ್‌ನಲ್ಲಿ ಮನುಷ್ಯರಿಗಿಂತ ಸ್ಕೂಟರೇ ಹೆಚ್ಚು. ರಸ್ತೆ ದಾಟುವುದೇ ಒಂದು ವಿದ್ಯೆ. ನಿಲ್ಲಬಾರದು, ಓಡಬಾರದು, ಮೆಲ್ಲಗೆ ನಡೆಯುತ್ತಾ ಇರಬೇಕು, ಸ್ಕೂಟರುಗಳು ತಾವೇ ಸುತ್ತಿಕೊಂಡು ಹೋಗುತ್ತವೆ ಎಂದು ನಮ್ಮ ಗೈಡು ಹುಡುಗಿ ಹೇಳಿಕೊಟ್ಟಳು. ಅವಳ ಹೆಸರು ಲಾನ್. ನಾನು ಶಿವ ಶಿವಾ ಎಂದು ಕಣ್ಣು ಮುಚ್ಚಿಕೊಂಡು ದಾಟಿದೆ. ಕಣ್ಣು ಬಿಟ್ಟಾಗ ಸೆರಗು ಯಾರದೋ ಸ್ಕೂಟರಿನ ಹ್ಯಾಂಡಲಿಗೆ ಸಿಕ್ಕಿಕೊಂಡಿತ್ತು. ಆ ಮುದುಕ ಪಾಪ, ಗಾಡಿ ನಿಲ್ಲಿಸಿ, ಇಳಿದು, ಸೆರಗನ್ನು ಬಿಡಿಸಿ ಮಡಚಿ ನನ್ನ ಕೈಗೆ ಕೊಟ್ಟು ಹೋದ.

ಲಾನ್ ನಮ್ಮನ್ನು ನೋಡಿದ ಕೂಡಲೇ ಕೇಳಿದ್ದು ವಯಸ್ಸನ್ನು. ನನಗೆ ಒಂದು ಥರ ಆಯಿತು, ಹೆಂಗಸರನ್ನು ಹೀಗಾ ಕೇಳುವುದು? ಆಮೇಲೆ ಅವಳು ಇಂಗ್ಲಿಷಿನಲ್ಲಿ ವಿವರಿಸಿದ್ದನ್ನು ಸಿದ್ದರಾಜು ಕನ್ನಡದಲ್ಲಿ ಹೇಳಿದರು. ಅವರ ಭಾಷೆಯಲ್ಲಿ ನಾನು ನೀನು ಅನ್ನಬೇಕಾದರೂ ಎದುರಿನವರ ವಯಸ್ಸು ಗೊತ್ತಿರಬೇಕಂತೆ. ಅಕ್ಕನಿಗೊಂದು, ಚಿಕ್ಕಮ್ಮನಿಗೊಂದು, ಅಜ್ಜಿಗೊಂದು ಮಾತು. ವಯಸ್ಸು ತಿಳಿಯದೆ ಬಾಯಿ ಬಿಡುವ ಹಾಗೇ ಇಲ್ಲ.

ನಮ್ಮಲ್ಲೂ ಹೊಸಬರನ್ನು ಕಂಡರೆ ಪ್ರಶ್ನೆ ಇದ್ದೇ ಇದೆ, ಆದರೆ ವಯಸ್ಸಲ್ಲ. ಅದನ್ನು ಅದೇ ದಿನ ಬಸ್ಸಿನಲ್ಲಿ ಕೆ.ಆರ್. ನಗರ ತಾಲೂಕು ಭೇರ್ಯದ ಜಯಮ್ಮ ಕೇಳಿದರು. ಅವರ ಗಂಡನದೂ ಗೊಬ್ಬರದಂಗಡಿ. ಮನೆಯಿಂದ ತಂದ ಚಕ್ಕುಲಿ ಡಬ್ಬಿಯನ್ನು ಸೀಟಿನಿಂದ ಸೀಟಿಗೆ ದಾಟಿಸುತ್ತಾ ಸಿದ್ದರಾಜು ಹತ್ತಿರ ನಿಂತು, "ಅಂಪಾಪುರ್ದಲ್ಲಿ ಯಾವ ಬೀದಿ ನಿಮ್ದು?" ಎಂದರು.

"ವಸಾ ಬಡಾವಣೆ ಕಣಕ್ಕ. ರೋಡ್ ಪಕ್ಕದಲ್ಲೇ."

"ಅದು ಈಗಾಯ್ತು. ಮೊದ್ಲು ಎಲ್ಲಿದ್ರಿ?"

"ಮೊದ್ಲು ಕಾಲೋನೀಲಿ."

ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಜಯಮ್ಮ "ಓ, ಅಂಗಾ" ಎಂದರು. ಡಬ್ಬಿ ಮಾತ್ರ ಮುಂದೆ ಹೋಗಲಿಲ್ಲ. ಒಂದು ಕಾಗದದ ಮೇಲೆ ನಾಲ್ಕು ಚಕ್ಕುಲಿ ಹಾಕಿ ಅಪ್ಪ ಮಗಳ ಮಧ್ಯೆ ಇಟ್ಟು, ಡಬ್ಬಿಯ ಮುಚ್ಚಳ ಹಾಕಿಕೊಂಡರು. ನನಗೆ ಮೈ ಉರಿಯಿತು. ಎಂಥಾ ಹೆಂಗಸಪ್ಪಾ ಇವಳು ಎಂದುಕೊಂಡೆ. ಹಿಂದಿನ ಸೀಟಿನಲ್ಲಿ ನನ್ನ ಮೊಮ್ಮಗಳು ಗಾನವಿಯ ತೊಡೆಯ ಮೇಲೆ ಕಾಲು ಹಾಕಿಕೊಂಡು ಕೂತಿದ್ದಳು. ಅದನ್ನು ಕಂಡು ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಯಿತು. ನಾನಂತೂ ಹಾಗಲ್ಲ ಎಂಬ ಆ ಹೆಮ್ಮೆಯನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ನಿನ್ ಬಿನ್

ಮಾರನೆಯ ದಿನ ನಿನ್ ಬಿನ್ ಎಂಬ ಕಡೆ ಹೋದೆವು. ಗದ್ದೆಯ ನಡುವೆ ಹೊಳೆ, ಹೊಳೆಯಲ್ಲಿ ದೋಣಿ. ದೋಣಿ ನಡೆಸುವ ಹೆಂಗಸರು ಒರಗಿಕೊಂಡು ಕೂತು, ಹುಟ್ಟನ್ನು ಕಾಲಿನಲ್ಲಿ ತುಳಿಯುತ್ತಾರೆ. ಕೈ ಖಾಲಿ ಇರುತ್ತದೆ. ನಮ್ಮ ದೋಣಿಯವಳು ಆ ಖಾಲಿ ಕೈಯಲ್ಲಿ ದಾರಿಯುದ್ದಕ್ಕೂ ಕಸೂತಿ ಹಾಕುತ್ತಿದ್ದಳು. ಗದ್ದೆಯಲ್ಲಿ ಬಿದಿರಿನ ಟೋಪಿ ಹಾಕಿಕೊಂಡು ಬಗ್ಗಿದ್ದವರನ್ನು ತೋರಿಸಿ ಮಾನ್ಯ, "ಅವರೆಲ್ಲ ಆಳುಗಳು" ಎಂದಳು. ಲಾನ್‌ಗೆ ನಾನು ಕೈಸನ್ನೆಯಲ್ಲಿ ಕೇಳಿದೆ, ಸಿದ್ದರಾಜು ಇಂಗ್ಲಿಷಿನಲ್ಲಿ ಬಿಡಿಸಿ ಕೇಳಿದರು. ಅವರೇ ಗದ್ದೆಯ ಯಜಮಾನರಂತೆ. ಮಾನ್ಯ ನಂಬಲಿಲ್ಲ. "ಯಜಮಾನ್ರು ಕೆಸರಿಗೆ ಇಳೀತಾರಾ?" ಎಂದಳು.

"ನಮ್ಮಪ್ಪ ಇಳೀತದೆ" ಎಂದಳು ಗಾನವಿ.

"ನಿಮ್ಮಪ್ಪ ಅಂಗಡಿಯವ್ರಲ್ವಾ?"

"ಅಂಗಡೀನೂ ಐತೆ, ಗದ್ದೇನೂ ಐತೆ. ನಮ್ಮಜ್ಜಿ ಮೊದ್ಲು ನಿಮ್ಮೂರ್ ಕಡೆ ಸೊಪ್ಪು ಕಟ್ಟಕ್ಕೆ ಬತ್ತಿತ್ತು ಗೊತ್ತಾ? ಒಂದು ಕಡ್ಡಿ ಎಷ್ಟು ಬೇಗ ಕಟ್ತದೆ ಅಂದ್ರೆ, ಕಣ್ಣಿಗೇ ಕಾಣಾಕಿಲ್ಲ."

ಮಾನ್ಯ ಗಾನವಿಯ ಕೈಬೆರಳನ್ನೇ ನೋಡಿದಳು. ಏನೋ ಕೂಡಿಸಿ ಕಳೆಯುತ್ತಿರುವ ಮುಖ ಅವಳದು. ನಾನು ಗಮನಿಸಿದೆ, ಗಮನಿಸಿ ಮರೆತೆ.

ಮಧ್ಯಾಹ್ನ ಲಾನ್ ತನ್ನ ದೊಡ್ಡಮ್ಮನ ಮನೆಗೆ ಊಟಕ್ಕೆ ಕರೆದುಕೊಂಡು ಹೋದಳು. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ದುಂಡನೆಯ ದೊಡ್ಡ ತಟ್ಟೆ, ಅದರೊಳಗೇ ಎಲ್ಲ ಬಟ್ಟಲುಗಳು. ಮಾಂಸ ಮುಟ್ಟದ ನಮಗೆಂದು ಸೊಪ್ಪು, ಸೋಯಾ ಪನೀರಿನಂಥ ತೋಫು ಬೇರೆ ಮಾಡಿಸಿದ್ದರು. ಆದರೂ ಬೆಳ್ಳಗಿರುವುದೆಲ್ಲ ತೋಫು ಅಲ್ಲ ಎಂದು ನನಗೆ ತಿಳಿದದ್ದು ಒಂದು ಮೀನಿನ ತುಂಡು ಬಾಯಿಗಿಟ್ಟ ಮೇಲೆ. ಅದನ್ನು ಕರವಸ್ತ್ರಕ್ಕೆ ಸಾಗಿಸಿದ್ದು ಇನ್ನೊಂದು ಕತೆ. ಅದಕ್ಕಿಂತ ಹೆಚ್ಚು ಕಷ್ಟ ಕೊಟ್ಟಿದ್ದು ದೊಡ್ಡಮ್ಮನ ಪ್ರೀತಿ. ತಾನು ತಿನ್ನುತ್ತಿದ್ದ ಜೋಡಿ ಕಡ್ಡಿಯಲ್ಲೇ ಒಂದೊಂದು ಚೂರು ಎತ್ತಿ ನನ್ನ ಬಟ್ಟಲಿಗೆ ಹಾಕುತ್ತಿದ್ದಳು. ಅಲ್ಲಿ ಅದೇ ಮರ್ಯಾದೆ. ನಮ್ಮ ಮಡಿ, ಎಂಜಲು ಎಲ್ಲ ಹುಟ್ಟಿನಿಂದ ಮೈಗೆ ಹತ್ತಿದ್ದು, ಗಂಟಲಲ್ಲಿ ಇಳಿಯಲೊಲ್ಲದು. ಆದರೂ ಆ ಮುಖ ನೋಡಿ ನುಂಗಿದೆ.

ಆ ಮನೆಯಲ್ಲಿ ನಾಲ್ಕೈದು ವರ್ಷದ ಒಂದು ಹೆಣ್ಣುಮಗು ಇತ್ತು. ಊಟಕ್ಕೆ ಕೈ ಹಾಕುವ ಮೊದಲು ಅದು ನೆಟ್ಟಗೆ ಕೂತು, ಒಬ್ಬೊಬ್ಬರ ಮುಖ ನೋಡಿ ಏನೋ ಹೇಳತೊಡಗಿತು. ಅಜ್ಜಿ ಊಟ ಮಾಡಿ, ದೊಡ್ಡಪ್ಪ ಊಟ ಮಾಡಿ, ಹೀಗೆ ಹಿರಿಯರಿಂದ ಕಿರಿಯರವರೆಗೆ ಕರೆದ ಮೇಲೆಯೇ ಮಕ್ಕಳು ಉಣ್ಣಬೇಕಂತೆ. ನಮ್ಮ ಬಸ್ಸಿನ ಡ್ರೈವರ್ ತಲೆ ಹಣ್ಣಾದವನು. ಮಗು ಅವನನ್ನು ನನಗಿಂತ ಮೊದಲು ಕರೆಯಿತು.

"ಡ್ರೈವರೂ ನಮ್ ಜೊತೆನೇ ಕೂತವ್ನೆ" ಎಂದು ಜಯಮ್ಮ ನನ್ನ ಕಿವಿಯಲ್ಲಿ ಹೇಳಿದರು. ಮಾನ್ಯ ಬೆರಗಾಗಿ ನೋಡುತ್ತಿದ್ದಳು. ಗಾನವಿ ಆ ಮಗುವಿನ ಹಾಗೆಯೇ ನೆಟ್ಟಗೆ ಕೂತು, "ಅಜ್ಜಿ ಊಟ ಮಾಡಿ, ಅಪ್ಪ ಊಟ ಮಾಡಿ, ಡ್ರೈವರ್ ತಾತ ಊಟ ಮಾಡಿ" ಎಂದು ಸುತ್ತಲೂ ಕರೆದಳು. ಎಲ್ಲರೂ ನಕ್ಕೆವು.

ಅವರ ದೇಶ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ವಾಪಸು ಬರುವಾಗ ರಸ್ತೆಬದಿಯಲ್ಲಿ ಬಣ್ಣಬಣ್ಣದ ಲಂಗ ಉಟ್ಟ ಹೆಂಗಸರು ಚೀಲ ಮಾರುತ್ತಿದ್ದರು. ಅವರು ಬೆಟ್ಟದ ಜನ, ಅವರ ಹತ್ತಿರ ವ್ಯಾಪಾರ ಬೇಡ ಎಂದು ಲಾನ್ ಮೂಗು ಮುರಿದಳು. ಹಾಡಿಯವರ ಮಾತು ಬಂದರೆ ನಮ್ಮತ್ತೆ ಮುರಿಯುವ ಮೂಗೂ ಥೇಟ್ ಅದೇ. ಯಾಕೆ ಬೇಡ ಎಂದು ಸಿದ್ದರಾಜು ಕೇಳಿದರು. ಚಿಕ್ಕವಳಿದ್ದಾಗಿನಿಂದ ಹಾಗೇ ಕೇಳಿದ್ದೇನೆ ಎಂದಳಂತೆ.

ಹಾಲಾಂಗ್

ನಮ್ಮ ಕಡೆಯ ಬೆಟ್ಟದಪುರದ ಬೆಟ್ಟವನ್ನು ಚೂರುಚೂರು ಮಾಡಿ ಸಮುದ್ರಕ್ಕೆ ಎರಚಿದರೆ ಹೇಗಿರುತ್ತದೋ ಹಾಗಿದೆ ಹಾಲಾಂಗ್ ಕೊಲ್ಲಿ. ಅಲ್ಲಿ ಹಡಗಿನಲ್ಲೇ ವಾಸ. ಮಧ್ಯಾಹ್ನದ ಮೇಲೆ ಉಳಿದವರೆಲ್ಲ ಚಿಕ್ಕ ದೋಣಿ ಹತ್ತಿ ಗುಹೆ ನೋಡಲು ಹೋದರು. ನನಗೆ ಮಂಡಿನೋವು, ಗಾನವಿಗೆ ಬೆಳಿಗ್ಗೆಯಿಂದ ಹೊಟ್ಟೆ ತೊಳಸು. ಅವಳಿಗಾಗಿ ಸಿದ್ದರಾಜು ಉಳಿದರು, ಅವಳನ್ನು ಬಿಟ್ಟು ಹೋಗಲಾರೆನೆಂದು ಮಾನ್ಯಳೂ ಉಳಿದಳು. ಹಡಗಿನ ಮೇಲಟ್ಟದಲ್ಲಿ ನಾವು ನಾಲ್ವರೇ. ಸಿದ್ದರಾಜು ಮತ್ತು ನಾನು ಬೆತ್ತದ ಕುರ್ಚಿಯಲ್ಲಿ ಕೂತು, ಈ ವರ್ಷ ಬ್ಯಾರನ್ನಿಗೆ ಸೌದೆ ಸಿಗುತ್ತದೋ ಇಲ್ಲವೋ ಎಂದು ಮಾತಾಡುತ್ತಿದ್ದೆವು. ಎಲ್ಲಿಗೆ ಹೋದರೂ ನಮ್ಮದು ಅದೇ ಮಾತು.

ಗಾನವಿಗೆ ಸ್ವಲ್ಪ ಗೆಲುವಾಯಿತು. ಮಕ್ಕಳು ಊಟದ ಮೇಜಿನಿಂದ ಕಾಗದದ ಕರವಸ್ತ್ರಗಳನ್ನೂ ತಿನ್ನುವ ಕಡ್ಡಿಗಳನ್ನೂ ತಂದು ಹೊಗೆಸೊಪ್ಪಿನ ಆಟ ಶುರು ಮಾಡಿದರು. ಕರವಸ್ತ್ರವೇ ಸೊಪ್ಪು, ತಿನ್ನುವ ಕಡ್ಡಿಯೇ ಬ್ಯಾರನ್ನಿನ ಕಡ್ಡಿ. ಗಾನವಿ ಟವೆಲನ್ನು ಸೆರಗಿನ ಹಾಗೆ ಸುತ್ತಿಕೊಂಡು ಸೊಪ್ಪು ಕಟ್ಟುತ್ತಿದ್ದಳು. ಕೈ ಎಷ್ಟು ಚುರುಕು! ಎರಡು ಸೊಪ್ಪು ಈ ಕಡೆ, ಎರಡು ಆ ಕಡೆ, ನಮ್ಮ ಮನೆಯ ಆಳುಗಳು ಕಟ್ಟಿದ ಹಾಗೆಯೇ. ಸಿದ್ದರಾಜುಗೂ ನಗು ಬಂತು. "ಎಲ್ಲಾ ಅವರಜ್ಜೀದು ಕಣಮ್ಮ" ಎಂದು, ವಿಡಿಯೋ ಮಾಡಲು ಫೋನ್ ಎತ್ತಿ ಹಿಡಿದರು.

"ಕಾಫಿ ಬಂತು, ಎಲ್ಲ ಬನ್ರೀ" ಎಂದು ಮಾನ್ಯ ಕೂಗಿದಳು. ನನ್ನ ಸೊಸೆ ಕೂಗುವ ರಾಗವೇ. ಮೇಜಿನ ಮೇಲೆ ಪಿಂಗಾಣಿ ಬಟ್ಟಲೂ ಇತ್ತು, ಪೇಪರ್ ಲೋಟವೂ ಇತ್ತು. ಮಾನ್ಯ ಪಿಂಗಾಣಿಯನ್ನು ತನಗಿಟ್ಟುಕೊಂಡಳು. ಪೇಪರ್ ಲೋಟವನ್ನು ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟು ಹಿಂದೆ ಸರಿದು ನಿಂತಳು.

ಗಾನವಿ ಎದ್ದಳು. ಟವೆಲನ್ನು ತಲೆಯ ಮೇಲೆ ಎಳೆದುಕೊಂಡಳು. ಮೆಟ್ಟಿಲ ಬಾಗಿಲ ಹತ್ತಿರ ಹೋಗಿ, ಹೊಸಿಲಿನ ಈಚೆಗೆ, ಗೋಡೆಗೆ ಒರಗದೆ ಒಂದು ಮಗ್ಗುಲಾಗಿ ಕುಕ್ಕರುಗಾಲಿನಲ್ಲಿ ಕೂತಳು. ಲೋಟವನ್ನು ತಾನೇ ಎಳೆದುಕೊಂಡು, ಮಾನ್ಯ ಮೇಲಿನಿಂದ ಹೊಯ್ಯುವವರೆಗೂ ಎರಡು ಕೈಯಲ್ಲೂ ಹಿಡಿದಳು. ಕುಡಿದಾದ ಮೇಲೆ ಲೋಟವನ್ನು ಹಿಸುಕಿ ತಾನೇ ಕಸದ ಬುಟ್ಟಿಗೆ ಹಾಕಿ ಬಂದು ಮತ್ತೆ ಸೊಪ್ಪಿಗೆ ಕೂತಳು. ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಆಟದಲ್ಲಿ ಅಷ್ಟು ಮುಳುಗಿದ್ದರು.

ಸಿದ್ದರಾಜು ಫೋನ್ ಇಳಿಸಿದರು.

"ಗಾನವೀ, ಏಳು ಮಗಾ."

"ಅಪ್ಪಾ, ಇನ್ನೂ ಸೊಪ್ಪು ಐತೆ."

"ಅಂಗೆ ಕೂರೋದ್ನ ಯಾರು ಯೋಳ್ಕೊಟ್ರು ನಿಂಗೆ?"

ಮಗು ಅಪ್ಪನನ್ನು ಅರ್ಥವಾಗದೆ ನೋಡಿತು. "ಯಾರೂ ಇಲ್ಲ. ಅಂಗೇ ಅಲ್ವಾ ಕೂರೋದು? ಅಜ್ಜಿ ಅಂಗೇ ಕೂತ್ಕೋತದೆ. ನಮ್ಮನೇಲೂ ಬಾಗ್ಲಲ್ಲೇ ಕೂತ್ಕೋತದೆ."

ನಾನು ಆಗ ಏನಾದರೂ ಒಳ್ಳೆಯ ಮಾತು ಆಡಬಹುದಿತ್ತು. ಸುಮ್ಮನೆಯಾದರೂ ಇರಬಹುದಿತ್ತು. ಗಾಬರಿಯಲ್ಲಿ ನಕ್ಕುಬಿಟ್ಟೆ. "ಮಕ್ಕಳಾಟ ಬುಡಪ್ಪ" ಎಂದೆ.

"ಅದಕ್ಕೇ ಭಯ ಆಯ್ತದೆ ಕಣಮ್ಮ" ಎಂದರು ಅವರು. ಕೋಪವಿರಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು ಹೇಳಿದರು: "ನಮ್ಮವ್ವಂಗೆ ಕೈ ಮುಗಿದು ಯೋಳಿದ್ದೆ, ಈ ಕತೆ ಯಾವ್ದೂ ಮಗೀಗೆ ಯೋಳ್ಬ್ಯಾಡ ಅಂತ. ಯಾರ್ ಮನೆ ಅಂಗ್ಳಕ್ಕೂ ಕರ್ಕಂಡೋಗ್ಬ್ಯಾಡ ಅಂತ. ನಮ್ಮವ್ವ ಒಂದು ಮಾತೂ ಯೋಳಿಲ್ಲ. ಕೂತದೆ ಅಷ್ಟೇ. ನಾನೇ ಕಟ್ಟಿಸಿದ ಮನೇಲಿ, ಸೋಪಾ ಬುಟ್ಟು ಬಾಗ್ಲಲ್ಲಿ ಕೂತದೆ. ನಾನು ಅದ್ನ ನೋಡೇ ಇರ್ಲಿಲ್ಲ ನೋಡಿ. ಇವ್ಳು ನೋಡವ್ಳೆ."

ಮಗಳ ಕೈ ಹಿಡಿದುಕೊಂಡು ಕೋಣೆಗೆ ಹೋದರು. ಕಟ್ಟಿದ ಕಡ್ಡಿಗಳು ಅಲ್ಲೇ ಬಿದ್ದಿದ್ದವು. ಗಾಳಿಗೆ ಕರವಸ್ತ್ರ ಒಂದೊಂದೇ ಹಾರಿಹೋಗುತ್ತಿತ್ತು. "ಆಟ ಅರ್ಧಕ್ಕೇ ನಿಂತೋಯ್ತು" ಎಂದು ಮಾನ್ಯ ಅಳುಮೋರೆ ಮಾಡಿದಳು.

ಅದೇ ಹಡಗಿನ ಕೋಣೆಯಲ್ಲಿ

ಬೈಯಬೇಕೆಂದೇ ಅವಳನ್ನು ಕೋಣೆಗೆ ಕರೆದುಕೊಂಡು ಹೋದೆ. ಆದರೆ ಯಾವ ತಪ್ಪಿಗೆ ಬೈಯುವುದು? ಮೊದಲು ಅದು ಗೊತ್ತಾಗಬೇಕಲ್ಲ.

"ಅವಳಿಗ್ಯಾಕೆ ಪೇಪರ್ ಲೋಟ ಕೊಟ್ಟೆ?"

"ಅವಳು ಆಳು ಅಲ್ವಾ ಅಜ್ಜಿ, ಆಟದಲ್ಲಿ."

"ನೀನೇ ಆಳಾಗಬೋದಿತ್ತಲ್ಲ?"

ಅವಳಿಗೆ ನಗು ಬಂತು. ಅಜ್ಜಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ನಗು. "ನಾನು ಹೆಂಗಾಗ್ತೀನಿ? ಅವರಜ್ಜಿ ತಾನೇ ಸೊಪ್ಪು ಕಟ್ಟೋರು. ನಿನ್ನೆ ದೋಣೀಲಿ ಹೇಳಲಿಲ್ವಾ?"

ದೋಣಿಯಲ್ಲಿ ಕೂಡಿಸಿ ಕಳೆದದ್ದು ಇದನ್ನೇ ಎಂದು ನನಗೆ ಆಗ ಹೊಳೆಯಿತು.

"ಗಾನವಿಗೆ ಬೇಜಾರಾಗಲ್ವಾ ಮಗಾ, ಕೆಳಗೆ ಕೂರಿಸಿದ್ರೆ?"

"ಇಲ್ಲ ಅಜ್ಜಿ. ಅವರಿಗೆ ಕೆಳಗೆ ಕೂರೋದೇ ಇಷ್ಟ. ಪೇಪರ್ ಲೋಟನೂ ಇಷ್ಟ. ನಮ್ಮನೇಲಿ ಒಳಗೆ ಬನ್ನಿ ಅಂದ್ರೂ ಅವರು ಬರಲ್ಲ, ಅವರಿಗೆ ಹೊರಗೇ ಹಿತ."

ಅವರಿಗೆ ಹೊರಗೇ ಹಿತ. ಇದು ನಮ್ಮ ಮನೆಯ ಮಾತು. ಮಕ್ಕಳು ಯಾಕೆ ಎಂದು ಕೇಳಿದಾಗ ದೊಡ್ಡವರು ಹೇಳಿ ಕಳಿಸುವ ಮಾತು. ಅತ್ತೆ ಹೇಳುತ್ತಾರೆ, ಸೊಸೆ ಹೇಳುತ್ತಾಳೆ, ನಾನೂ ಹೇಳುತ್ತೇನೆ. ಹೇಳುವಾಗ ಅದು ಸುಳ್ಳೆಂದು ನಮಗೆ ಗೊತ್ತಿರುತ್ತದೆ. ಮಗುವಿಗೆ ಗೊತ್ತಿಲ್ಲ. ನಾವು ಮಾಡಿಟ್ಟ ಏರ್ಪಾಡನ್ನು ಅದು ಆ ಜನರ ಗುಣ ಎಂದೇ ತಿಳಿದಿದೆ. ಬೆಕ್ಕಿಗೆ ಹಾಲು ಇಷ್ಟ, ಆಳಿಗೆ ನೆಲ ಇಷ್ಟ. ನನ್ನ ಮೊಮ್ಮಗಳಲ್ಲಿ ದ್ವೇಷವೆಂಬುದು ಒಂದು ಚೂರೂ ಇರಲಿಲ್ಲ. ಗಾನವಿಗಾಗಿ ಗುಹೆ ನೋಡುವುದನ್ನೇ ಬಿಟ್ಟು ಕೂತಿದ್ದಳು. ದ್ವೇಷವಿದ್ದಿದ್ದರೆ ಬೈದು ಬಿಡಿಸಬಹುದಿತ್ತು. ಇದನ್ನು ಯಾವ ಬಾಯಲ್ಲಿ ಬಿಡಿಸಲಿ?

"ಹಂಗಲ್ಲ ಮಗಾ. ಅವರೂ ನಮ್ಮ ಹಾಗೇ" ಎಂದೆ.

"ಮತ್ತೆ ಮನೇಲಿ?" ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂತಿರುವ ನಮ್ಮತ್ತೆಯ ಮುಖ ನೆನಪಾಯಿತು. "ಮಲಗು" ಎಂದೆ. ಹಾಗೆ ಹೇಳಿ ಕಿಟಕಿಯ ಪರದೆ ಎಳೆದೆ.

ಮತ್ತೆ ಹನೋಯ್

ಸಿದ್ದರಾಜು ಮಕ್ಕಳನ್ನು ಬೇರೆ ಮಾಡಲಿಲ್ಲ. ಮಾರನೆಯ ದಿನವೂ ಎರಡೂ ಒಂದೇ ಸೀಟಿನಲ್ಲಿ ಕೂತು ಬಂದವು. ನನ್ನ ಜೊತೆಯೂ ಅವರ ಮಾತು ಮೊದಲಿನ ಹಾಗೇ ಇತ್ತು. ನನ್ನ ಚೀಲ ಇಳಿಸಿಕೊಟ್ಟರು, ನನ್ನ ಮಂಡಿಗೆ ಅಂಗಡಿಯಿಂದ ಎಣ್ಣೆ ತಂದುಕೊಟ್ಟರು. ಅಷ್ಟು ಮಾಡಿದ್ದರಿಂದಲೇ ನನಗೆ ಅವರ ಮುಖ ನೋಡುವುದು ಕಷ್ಟವಾಯಿತು. ಒಂದು ಮಾತು ಬೈದಿದ್ದರೆ ಹಗುರವಾಗುತ್ತಿದ್ದೆ.

ಹನೋಯ್‌ನ ಫುಟ್‌ಪಾತಿನಲ್ಲಿ ಚಹಾ ಮಾರುವವರಿರುತ್ತಾರೆ. ಮಕ್ಕಳು ಕೂರುವಂಥ ಪುಟ್ಟ ಪ್ಲಾಸ್ಟಿಕ್ ಸ್ಟೂಲು, ಗಾಜಿನ ಲೋಟ, ಐಸು ಹಾಕಿದ ತಣ್ಣನೆಯ ಚಹಾ. ಸೂಟು ಹಾಕಿದವನೂ ಕಸ ಗುಡಿಸುವವಳೂ ಅದೇ ಸ್ಟೂಲಿನಲ್ಲಿ ಮಂಡಿ ಮಡಚಿ ಕೂತು ಕುಡಿಯುತ್ತಾರೆ. ಲೋಟವನ್ನು ಒಂದೇ ಬಕೀಟಿನ ನೀರಿನಲ್ಲಿ ಅದ್ದಿ ತೆಗೆದು ಮುಂದಿನವರಿಗೆ ಕೊಡುತ್ತಾಳೆ ಚಹಾದ ಅಜ್ಜಿ. ಯಾರು ಕುಡಿದ ಲೋಟ ಎಂದು ಕೇಳುವ ಹಾಗಿಲ್ಲ.

ಸಿದ್ದರಾಜು ಒಬ್ಬರೇ ಕೂತಿದ್ದರು. ಇದೇ ಸಮಯ, ಹೇಳಿಬಿಡಬೇಕು ಎಂದು ಹೋದೆ. ತಪ್ಪಾಯಿತು ಕಣಪ್ಪಾ, ನನ್ನ ಮೊಮ್ಮಗಳದಲ್ಲ, ನಮ್ಮದು ತಪ್ಪು. ಇಷ್ಟೇ ಮಾತು. ದಾರಿಯುದ್ದಕ್ಕೂ ಬಾಯಲ್ಲಿ ಹೊಂದಿಸಿಕೊಂಡು ಬಂದಿದ್ದೆ. ಸ್ಟೂಲಿನಲ್ಲಿ ಕೂರಲು ಹೋಗಿ ಮಂಡಿ ಹಿಡಿದುಕೊಂಡಿತು. ಅವರು ಎದ್ದು ನನ್ನ ತೋಳು ಹಿಡಿದು ಮೆಲ್ಲಗೆ ಕೂರಿಸಿದರು. ಲೋಟ ಕೈಗೆ ಬಂತು. ಒಂದು ಗುಟುಕು ಕುಡಿದೆ.

"ನಿಮ್ ಕಡೆ ಈ ಸಲ ಯೂರಿಯಾ ಸಿಕ್ತದಾ?" ಎಂದೆ.

"ನೋಡ್ಬೇಕು ಕಣಮ್ಮ" ಎಂದರು. ಆಮೇಲೆ ಇಬ್ಬರೂ ಸ್ಕೂಟರುಗಳನ್ನು ನೋಡುತ್ತಾ ಕೂತೆವು. ಅಷ್ಟು ದೂರ ಹೋಗಿ, ಅಷ್ಟು ಹತ್ತಿರ ಕೂತು, ನಾನು ಆಡಿದ ಮಾತು ಯೂರಿಯಾದ್ದು.

ಮೈಸೂರು

ಬೆಂಗಳೂರಿಂದ ಒಂದೇ ವ್ಯಾನಿನಲ್ಲಿ ಮೈಸೂರಿನವರೆಗೆ ಬಂದೆವು. ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣದವರು ಒಂದು ಕಡೆ, ಕೆ.ಆರ್. ನಗರದವರು ಒಂದು ಕಡೆ, ಕೋಟೆಯವರು ಒಂದು ಕಡೆ. ರಿಂಗ್ ರಸ್ತೆಯ ಪಕ್ಕದಲ್ಲಿ ಸಿದ್ದರಾಜು ಅವರ ಭಾವಮೈದುನ ಕಾರು ತಂದು ಕಾದಿದ್ದರು. ಮಕ್ಕಳು ಕೈ ಬಿಡಲೊಲ್ಲವು.

ನನಗೆ ತಡೆಯಲಾಗಲಿಲ್ಲ. "ಒಂದಿನ ಮನೆಗೆ ಬನ್ನಿ ಕಣಪ್ಪ. ಮಗೂನ ಕರ್ಕಂಡು ಬನ್ನಿ" ಎಂದೆ. ಬಾಯಿಮಾತಿಗಲ್ಲ, ಮನಸ್ಸು ಬಿಚ್ಚಿಯೇ ಹೇಳಿದೆ.

"ಬತ್ತೀವಿ ಬುಡಿ ಅಮ್ಮ" ಎಂದರು ಸಿದ್ದರಾಜು, ಬರುವುದಿಲ್ಲ ಎನ್ನುವವರು ಹೇಳುವ ದನಿಯಲ್ಲಿ. ಪೆಟ್ಟಿಗೆಗಳನ್ನು ಡಿಕ್ಕಿಗೆ ಇಡತೊಡಗಿದರು.

ಗಾನವಿ ಮಾತ್ರ ಅದನ್ನು ನಿಜವೆಂದೇ ತೆಗೆದುಕೊಂಡಳು. ಆಟದ ನಿಯಮ ಕೇಳುವ ಹಾಗೆ ಮಾನ್ಯಳನ್ನು ಕೇಳಿದಳು. "ನಿಮ್ಮನೇಲಿ ನಾನು ಎಲ್ಲಿಗಂಟ ಬರಬೋದು?"

ಎಲ್ಲಿಗೆ ಬೇಕಾದರೂ ಬಾ ಮಗಾ ಎನ್ನುವ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ಹೇಳಿದರೆ ನಡೆಸಿಕೊಡಬೇಕು. ಮನೆಯಲ್ಲಿ ಅದನ್ನು ನಡೆಸುವ ಗಟ್ಟಿತನ ನನಗಿದೆಯೇ ಎಂದು ಒಂದು ಉಸಿರಿನಷ್ಟು ಹೊತ್ತು ಯೋಚಿಸಿದೆ. ಅಷ್ಟರಲ್ಲಿ ಮಾನ್ಯ ಉತ್ತರ ಕೊಟ್ಟಾಗಿತ್ತು.

"ಜಗಲಿಗೆ ಬರಬೋದು. ನಡುಮನೆಗೂ ಬರಬೋದು, ನಾನು ಎಲ್ಲರಿಗೂ ಹೇಳಿರ್ತೀನಿ. ಅಡುಗೆಮನೆ, ದೇವರಮನೆ ಮಾತ್ರ ಬ್ಯಾಡ. ಆದ್ರೆ ನೀನು ಬೇಜಾರ್ ಮಾಡ್ಕೋಬ್ಯಾಡ, ಎಲ್ಲಾ ತಿಂಡೀನೂ ನಾನೇ ಹೊರಗೆ ತಂದ್ಕೊಡ್ತೀನಿ."

ಗೆಳತಿಗೆ ಕೊಡಬಹುದಾದ ಅತಿ ದೊಡ್ಡದನ್ನು ಕೊಡುತ್ತಿರುವ ಸಂತೋಷ ಅವಳ ಮುಖದಲ್ಲಿತ್ತು. ಸಿದ್ದರಾಜು ಡಿಕ್ಕಿಯ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನ ಕಡೆ ನೋಡಿದರು. ನಾನು ಬಗ್ಗಿ ನನ್ನ ಚೀಲದ ಜಿಪ್ಪು ಎಳೆದೆ.

ಗಾನವಿ ಕಾರಿನ ಬಾಗಿಲು ಹಿಡಿದು ಕೇಳಿದಳು.

"ನಡುಮನೇಲಿ ಟೀವಿ ಐತಾ?"

"ಐತೆ."

"ಸರಿ ಅಂಗಾದ್ರೆ" ಎಂದು ಕಾರು ಹತ್ತಿ ಕೂತಳು.